ನೀರಿನ ಪಾಳಿಯ ಗಡಿಯಾರ

ನಾನು ಚಿಕ್ಕವಳಿದ್ದಾಗ, ಗಂಟೆಯನ್ನೇ ತೋರಿಸದ ಗಡಿಯಾರವೊಂದು ಭಾಲ್ಕಿಯ ನಮ್ಮ ಮನೆಯಲ್ಲಿ ಒಂದೇ ಭಾನುವಾರದಲ್ಲಿ ತಯಾರಾಯಿತು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಪಡಸಾಲೆಯ ಮೂಲೆಯೇ ಅವರ ಕಾರ್ಖಾನೆ. ಔರಾದ್ ಕಡೆಯ ಹಳ್ಳಿಗಳಿಂದಲೂ ಜನ ಕೆಟ್ಟ ಗಡಿಯಾರಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು.

ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ನಲ್ಲಿ. ದೊಡ್ಡ ಬೀದಿಯವರಿಗೆ ಮನೆಯೊಳಗೇ ನಲ್ಲಿಗಳಿದ್ದವು. ಅದು ಮೊದಲ ಅನ್ಯಾಯ. ನಸುಕಿನಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರೆಲ್ಲ ಹೆಣ್ಣುಮಕ್ಕಳೇ, ಅದು ಎರಡನೆಯದು. ಏಳನೆಯ ತರಗತಿಯಲ್ಲಿದ್ದ ಅಕ್ಕ ದಿನವೂ ನೀರು ತುಂಬಿಸಿ ಓಡುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿರುತ್ತಿತ್ತು. ಹೆಡ್‌ಮಾಸ್ತರರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರೇ ಹೊರತು ಯಾಕೆ ತಡವಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಆ ಶನಿವಾರವಂತೂ, ಸೋಮವಾರವೂ ತಡವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದುಬಿಟ್ಟರು.

ಭಾನುವಾರ ಅಕ್ಕ ಊಟಕ್ಕೆ ಕೂರಲಿಲ್ಲ. ನೀರು ಯಾರು ತರಬೇಕೆಂಬ ಜಗಳ ಅಣ್ಣನ ಗೊಣಗಾಟದಲ್ಲೇ ಸುತ್ತುತ್ತಿತ್ತು. ಕೊನೆಗೆ ಅಪ್ಪ, "ಮನುಷ್ಯಾರು ಹೇಳಿದ್ರ ತಕರಾರು. ಗಡಿಯಾರ ಹೇಳ್ಲಿ" ಎಂದು ಅರ ಕೈಗೆತ್ತಿಕೊಂಡರು.

ಎಣ್ಣೆ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ, ಅಂಚಿಗೆ ನಾಲ್ಕು ಹಲ್ಲು ಕೊರೆದರು. ಅದರ ಮೇಲೆ ನಾನು ಇದ್ದಿಲಿನಿಂದ ನಾಲ್ಕು ಮುಖ ಬರೆದೆ: ಅಕ್ಕ, ಅಪ್ಪ, ಅಣ್ಣ, ನಾನು. ಅವ್ವನ ಮುಖವಿರಲಿಲ್ಲ, ಆ ಹೊತ್ತಿಗೆ ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ ಎಂದು. ರೊಟ್ಟಿಗೂ ಪಾಳಿ ಇರಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅದು ಮೂರನೆಯ ಅನ್ಯಾಯ.

ಆ ತಗಡನ್ನು ಅಪ್ಪ ಹಳೆಯ ಅಲಾರಂ ಗಡಿಯಾರವೊಂದರ ಬೆನ್ನಿಗೆ ತಿರುಗುವಂತೆ ಕೂರಿಸಿದರು. ಅಲಾರಂ ಬಾರಿಸುವಾಗ ಗಡಿಯಾರದ ಬೆನ್ನಿಗಿರುವ ಚಾವಿ ತಾನೇ ತಿರುಗುತ್ತದೆಯಲ್ಲವೇ? ಆ ಚಾವಿಗೆ ಅಪ್ಪ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ಬಿಗಿದರು. ಚಾವಿ ಒಂದು ಸುತ್ತು ತಿರುಗಿದರೆ ಕಡ್ಡಿ ಒಂದು ಹಲ್ಲನ್ನು ತಳ್ಳಬೇಕು, ಮುಂದಿನ ಮುಖ ಮೇಲೆ ಬರಬೇಕು. ಮೇಲೆ ಬಂದವರದೇ ಅಂದಿನ ನೀರು.

ಅಕ್ಕನ ಮುಖವನ್ನು ಮೇಲಿಟ್ಟು ಅಲಾರಂ ಬಾರಿಸಿದೆವು. ತಗಡು ಕರಕರನೆ ತಿರುಗಿತು, ತಿರುಗುತ್ತಲೇ ಹೋಯಿತು, ಮತ್ತೆ ಅಕ್ಕನ ಮುಖದಲ್ಲೇ ಬಂದು ನಿಂತಿತು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ್ರಿ! ನೀರು ಯಾರ ಕೆಲಸಂತ ಗಡಿಯಾರಕ್ಕೂ ಗೊತ್ತದ!"

ಅಪ್ಪ ತಗಡಿನ ಹಲ್ಲುಗಳನ್ನು ಅರದಿಂದ ಉಜ್ಜಿದರು, ಕಡ್ಡಿ ಬದಲಿಸಿದರು, ಸೀಮೆಎಣ್ಣೆ ಬಿಟ್ಟರು. ಮತ್ತೆ ಅಕ್ಕ. ಮತ್ತೂ ಅಕ್ಕ. ಕಬ್ಬಿಣದ ಪುಡಿ ನನ್ನ ಬೆವರಿಗೆ ಅಂಟಿ ಮೈಯೆಲ್ಲ ಕಡಿಯುತ್ತಿತ್ತು. ಬಿಸಿಲು ಹೊಸ್ತಿಲು ದಾಟಿತು. ಅಕ್ಕ ಬಾಗಿಲಿಗೂ ಗೋಡೆಗೂ ನಡೆದಾಡಿ, ಕೊನೆಗೆ ಗಡಿಯಾರದ ಬೆನ್ನಿಗೆ ಮೂಗು ತಾಗುವಂತೆ ಬಗ್ಗಿ ನಿಂತಳು.

"ಅಪ್ಪಾ, ನೀ ಪೂರಾ ಚಾವಿ ಕೊಡ್ತಿ. ಅದು ನಾಕು ಸುತ್ತು ಬಿಚ್ಚಿ ಮತ್ತ ನನ್ನ ಹಂತೇಕೇ ಬರ್ತದ. ಒಂದೇ ಸುತ್ತು ಕೊಡು."

"ಕಮ್ಮಿ ಚಾವಿ ಕೊಡೋದು ನಮ್ಮ ಕಸಬಿನಾಗ ಇಲ್ಲವ್ವಾ. ಗಡಿಯಾರದ ಮರ್ಯಾದಿ ಹೋಗ್ತದ."

"ಮತ್ತ ನನ್ನ ಸಾಲಿ, ಪರೀಕ್ಷಾ ಹೋಗ್ತದಲ್ಲ?"

ಅಪ್ಪ ಗಡಿಯಾರವನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಒಂದೇ ಸುತ್ತು ಚಾವಿ ಕೊಟ್ಟು, ಬೆರಳು ಸುಟ್ಟವರಂತೆ ಕೈ ಹಿಂದೆಳೆದುಕೊಂಡರು.

ಸೋಮವಾರ ನಸುಕಿಗೆ ಅಲಾರಂ ಕೆಮ್ಮಿದಷ್ಟೇ ಹೊತ್ತು ಬಾರಿಸಿ ನಿಂತಿತು. ಮೇಲೆ ಬಂದದ್ದು ಮೀಸೆಯ ಮುಖ, ಅಪ್ಪನದು. ಅಪ್ಪ ಅದನ್ನು ನೋಡಿದರು, ಅಕ್ಕನನ್ನು ನೋಡಿದರು, ಕೊಡ ಎತ್ತಿಕೊಂಡು ಹೊರಟರು. ನಾನೂ ಹಿಂದೆ ಓಡಿದೆ.

ನಲ್ಲಿಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದ ಓಣಿಯ ಗಂಡಸೊಬ್ಬರು ಕೂಗಿದರು: "ಏನ್ರಿ ಮಿಸ್ತ್ರಿ, ಮನ್ಯಾಗ ಹೆಂಗಸ್ರಿಲ್ಲೇನ್ರಿ?"

ಅಪ್ಪನ ಕಿವಿ ಕೆಂಪಾಯಿತು. ಈಗ ಹಿಂದಿರುಗುತ್ತಾರೆ, ಅಕ್ಕನ ಪರೀಕ್ಷೆ ಮುಗಿಯಿತು ಎಂದುಕೊಂಡೆ.

"ಅದಾರ್ರಿ," ಎಂದರು ಅಪ್ಪ. "ಅವ್ರು ಇವತ್ತ ಸಾಲಿಗಿ ಹೋಗ್ಲತ್ಯಾರ."

ಸಾಲಿನಲ್ಲಿದ್ದ ಪಕ್ಕದ ಮನೆಯ ಖಾಲಾ ತಮ್ಮ ಕೊಡ ಸರಿಸಿದರು. "ಅರೆ ಭಾಯಿ, ಹಿಂಗ ಕೊಡ ತಲಿಕೆಳಗ ಹಿಡಿದ್ರ ನೀರು ಹ್ಯಾಂಗ ತುಂಬ್ತದ?" ಎಂದು ಅವರು ನಕ್ಕಾಗ ಸಾಲೆಲ್ಲ ನಕ್ಕಿತು, ಅಪ್ಪನೂ ನಕ್ಕರು. ಅಂದು ಶಾಲೆಯ ಗಂಟೆ ಬಾರಿಸಿದಾಗ ಅಕ್ಕ ಮೊದಲ ಸಾಲಿನಲ್ಲಿ ಕುಳಿತಿದ್ದಳು.

ಮೊಮ್ಮಕ್ಕಳೇ, ಬೀದರಿನ ಈ ನಿಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಸಾಕು, ನೀರು ಬರುತ್ತದೆ. ಎಬ್ಬಿಸಲು ಪ್ರತಿಯೊಬ್ಬರ ದಿಂಬಿನ ಬಳಿಯೂ ಒಂದೊಂದು ಫೋನಿದೆ. ಆದರೂ ಇಲ್ಲಿಗೆ ಬಂದಾಗಲೆಲ್ಲ ನನಗೆ ನೆಮ್ಮದಿಯ ನಿದ್ದೆ ಹತ್ತುವುದಿಲ್ಲ. ಎಲ್ಲ ಕೋಣೆಗಳಲ್ಲೂ ಅಲಾರಂ ಕೂಗುತ್ತದೆ, ಎಲ್ಲರೂ ಅದರ ಬಾಯಿ ಮುಚ್ಚಿಸಿ ಮತ್ತೆ ಹೊದ್ದುಕೊಳ್ಳುತ್ತೀರಿ, ಅಡುಗೆಮನೆಯ ದೀಪ ಹಾಕಲು ಏಳುವವಳು ನಿಮ್ಮ ಅಮ್ಮ ಒಬ್ಬಳೇ. ನಾಳೆ ಬೆಳಗ್ಗೆ ಅವಳ ಬದಲು ಯಾರು ಏಳುತ್ತೀರಿ? ನೋಡಲು ನಾನು ಎಚ್ಚರವಾಗಿಯೇ ಇರುತ್ತೇನೆ.