ದೇವದುರ್ಗದ ಗಡಿಯಾರಕ್ಕೆ ನಾನು ಕೊಟ್ಟ ತೀರ್ಪು

ಮೂರು ವರ್ಷದ ಹಿಂದಿನ ಮಾತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ನಲವತ್ತು ವರ್ಷ ನಡೆಸಿದ ಗಡಿಯಾರ ರಿಪೇರಿ ಅಂಗಡಿಯನ್ನು ಮುಚ್ಚಿ ನಾನು ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಹೆಸರಿಗಷ್ಟೇ. ಹೊಸ ಮನೆ ಕಟ್ಟಿಸಿದವರಿಗೆಲ್ಲ ಹಾಲ್‌ನಲ್ಲಿ ಒಂದು ಹಳೆಯ ಗೋಡೆ ಗಡಿಯಾರ ತೂಗುಹಾಕುವ ಹುಚ್ಚು ಹತ್ತಿತ್ತು. ಕೊಳ್ಳುವ ಮುಂಚೆ ಅಸಲಿಯೋ ನಕಲಿಯೋ ನೋಡಿ ಹೇಳಲು, ಗಡಿಯಾರದ ಮಾಸ್ತರ ಎಂದು ನನ್ನನ್ನು ಕರೆದೊಯ್ಯುತ್ತಿದ್ದರು.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಅನುಮಾನ. ಅದು ನನ್ನಲ್ಲಿ ಧಾರಾಳವಾಗಿದೆ. ನಲವತ್ತು ವರ್ಷದಿಂದ ಹಾಲು ಹಾಕುವವನ ಹಾಲಿಗೂ ನಾನು ದಿನಾ ಬೆರಳು ಅದ್ದಿ ನೋಡುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಹಳೆಯ ಗಡಿಯಾರದ ವ್ಯಾಪಾರದಲ್ಲಿ ದೊಡ್ಡ ಮೋಸವೆಂದರೆ ಒಂದರ ಪೆಟ್ಟಿಗೆಗೆ ಇನ್ನೊಂದರ ಮಷಿನ್ ಕೂರಿಸುವುದು. ಹಾಗೆ ಮಾಡಿದ್ದರೆ ಹಿಂದಿನ ಹಲಗೆಯಲ್ಲಿ ಮೊದಲಿನ ಸ್ಕ್ರೂಗಳ ಖಾಲಿ ತೂತುಗಳು ಉಳಿದಿರುತ್ತವೆ. ಆದರೆ ಮುಳ್ಳು ಕಿತ್ತು ಡಯಲ್ ಬಿಚ್ಚದೆ ಅವು ಕಾಣುವುದಿಲ್ಲ. ಇನ್ನೊಂದು ಗುರುತು ಬಣ್ಣ. ಹೊಸ ಹಿತ್ತಾಳೆಯ ಹೊಳಪು ಮರೆಸಲು ಮೋಸಗಾರರು ಅದಕ್ಕೆ ಕಂದು ವಾರ್ನಿಷ್ ಬಳಿದಿರುತ್ತಾರೆ.

ಮಾನ್ವಿಯ ವೀರನಗೌಡರು ಅಕ್ಕಿ ಗಿರಣಿ ಮಾಲೀಕರು. ಅವರ ಹೊಸ ಮನೆಯ ಹಾಲ್‌ನಲ್ಲಿ ದೇವರ ಮನೆ ಬಾಗಿಲ ಪಕ್ಕದ ಗೋಡೆ ಖಾಲಿಯಿತ್ತು. ದೇವದುರ್ಗದಲ್ಲಿ ಹುಸೇನಮ್ಮ ಎಂಬಾಕೆ ಗಡಿಯಾರ ಮಾರುತ್ತಾಳೆಂದು ಯಾರೋ ಅವರ ಮೊಬೈಲ್‌ಗೆ ಫೋಟೊ ಕಳಿಸಿದ್ದರು. ದೀಪಾವಳಿಗೆ ಮುಂಚಿನ ವಾರ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಅವರ ಕಾರಿನಲ್ಲಿ ಅಲ್ಲಿಗೆ ಹೋದೆವು.

ಎರಡು ಕೋಣೆಯ ತಗಡಿನ ಮನೆ. ಹುಸೇನಮ್ಮ (ಮೊಹರಂ ಹರಕೆಯಿಂದ ನಮ್ಮ ಕಡೆ ಹಿಂದೂ ಮನೆಗಳಲ್ಲೂ ಇಡುವ ಹೆಸರು) ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಕ್ಕಿ ಬೇಳೆ ಇಡುವ ಕೋಣೆಯ ಕೀಲಿ ಅವಳ ಸೊಂಟದಲ್ಲೇ ಇರುತ್ತಿತ್ತು. ಗೋಡೆಯ ಮೇಲೆ ಮೂರಡಿ ಎತ್ತರದ ತೇಗದ ಗಡಿಯಾರ ನಿಂತುಹೋಗಿತ್ತು. ಇಂಥ ಮನೆಯಲ್ಲಿ ಇಂಥ ಗಡಿಯಾರ ಹೇಗೆ ಬಂತು ಎಂಬ ಪ್ರಶ್ನೆ ಹೊಸ್ತಿಲಲ್ಲೇ ನನ್ನ ತಲೆ ಹೊಕ್ಕಿತು. ಆ ಪ್ರಶ್ನೆಯಲ್ಲಿ ಗಡಿಯಾರಕ್ಕಿಂತ ಮನೆಯ ಬಗ್ಗೆಯೇ ತಾತ್ಸಾರ ಹೆಚ್ಚಿತ್ತು ಎನ್ನುವುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

"ನಮ್ಮ ಮಾವ ಹತ್ತಿ ಜಿನ್ನಿನಾಗ ಇದಕ್ಕ ಕೀ ಕೊಡಾಂವ ಇದ್ದರಿ. ಜಿನ್ ಮುಚ್ಚಿದಾಗ ಮಾಲಕರು, ನೀನ ಒಯ್ಯಿ ಅಂತ ಕೊಟ್ಟಿದ್ರು," ಎಂದಳು ಹುಸೇನಮ್ಮ.

ಕತೆ ಚೆನ್ನಾಗಿತ್ತು. ಮಾರುವವರ ಕತೆಗಳೆಲ್ಲ ಚೆನ್ನಾಗಿಯೇ ಇರುತ್ತವೆ. ನಾನು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ಮಷಿನ್ ತುಂಬ ಒಂದೇ ಸಮನೆ ಕಂದುಹಳದಿ ಪೊರೆ, ಉಗುರಿಂದ ಕೆರೆದರೂ ಏಳದಷ್ಟು ಗಟ್ಟಿ. ಡಯಲ್ ಬಿಚ್ಚುವ ಗೋಜಿಗೆ ನಾನು ಹೋಗಲಿಲ್ಲ.

"ಖೋಟಾ ಅದ ಗೌಡ್ರ. ಪೆಟಿಗಿ ಹಳೇದು, ಮಷಿನ್ ಹೊಸಾದು. ವಾರ್ನಿಷ್ ಬಳದು ಹಳೇದು ಮಾಡ್ಯಾರ," ಎಂದೆ.

ಕಾರು ನೋಡಿ ಬಂದಿದ್ದ ಅಕ್ಕಪಕ್ಕದ ನಾಲ್ವರು ಹೆಂಗಸರು ಬಾಗಿಲಲ್ಲೇ ನಿಂತಿದ್ದರು. ಗೌಡರು ಅವರಿಗೂ ಕೇಳುವಂತೆ, "ನಮಗ ಟೋಪಿ ಹಾಕಾಕ ನೋಡೀರೇನವ್ವಾ?" ಎಂದರು.

ಹುಸೇನಮ್ಮ ದನಿ ಏರಿಸಲಿಲ್ಲ. ಸ್ಟೂಲ್ ಹತ್ತಿ ಗಡಿಯಾರವನ್ನು ಇಳಿಸಿ ನನ್ನ ಕೈಗಿಟ್ಟಳು.

"ಬ್ಯಾಡಂದ್ರ ಬಿಡ್ರಿ ಯಪ್ಪಾ, ಜುಲುಮಿ ಇಲ್ಲ. ಆದ್ರ ನಾ ಸಾಲಿ ಅಕ್ಕಿ ಕೋಣಿ ಕೀಲಿ ಇಟಗೊಂಡಾಕಿ. ಮೋಸಗಾತಿ ಅನ್ನಿಸಿಕೊಂಡ ಮ್ಯಾಗ ಆ ಕೀಲಿ ನನ್ನ ಕೈಯಾಗ ಯಾರು ಬಿಡ್ತಾರ? ಇದನ್ನ ಒಯ್ದು ಪೂರಾ ಬಿಚ್ಚಿ ನೋಡ್ರಿ. ಖೋಟಾ ಇದ್ರ ಒಲಿಗೆ ಹಾಕ್ರಿ. ಅಸಲಿ ಇದ್ರ ಇಲ್ಲೇ ಬಂದು, ಇವರ ಮುಂದನ ಹೇಳ್ರಿ."

ಇದೂ ಒಂದು ನಾಟಕವಿರಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮನೆಯಲ್ಲಿ ಮುಳ್ಳು ಕಿತ್ತು ಡಯಲ್ ತೆಗೆದೆ. ಹಲಗೆಯಲ್ಲಿ ನಾಲ್ಕೇ ತೂತು, ನಾಲ್ಕರಲ್ಲೂ ಸ್ಕ್ರೂ. ಒಂದೂ ಖಾಲಿ ಇರಲಿಲ್ಲ. ವಾರ್ನಿಷ್ ಆಗಿದ್ದರೆ ಥಿನ್ನರ್‌ಗೆ ಕರಗಬೇಕು. ಬಟ್ಟೆ ಅದ್ದಿ ಉಜ್ಜಿದೆ, ಕರಗಲಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡಾ ಬೆರೆಸಿ ಮಷಿನ್ ಮುಳುಗಿಸಿಟ್ಟೆ. ಅರ್ಧ ಗಂಟೆಗೆ ಪೊರೆ ಮೆತ್ತಗಾಗಿ ಪದರ ಪದರವಾಗಿ ಎದ್ದಿತು. ಪದರಗಳ ನಡುವೆ ವಿಭೂತಿ, ಕುಂಕುಮ. ಮೂಗಿಗೆ ಹಿಡಿದರೆ ಮುಗ್ಗಿದ ಅಡುಗೆ ಎಣ್ಣೆಯ ವಾಸನೆ.

ಹುಸೇನಮ್ಮನಿಗೆ ಫೋನ್ ಮಾಡಿ, ದಸರೆಯ ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಗಡಿಯಾರಕ್ಕೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಎಲ್ಲಾರೂ ಮಾಡೋದನ್ನ ಮಾಡ್ತಿದ್ವಿರಿ. ಇಬತ್ತಿ ಹಚ್ಚಿ, ಕುಂಕುಮ ಇಟ್ಟು, ಹತ್ತಿ ಅರಳಿಲೆ ಕುಸುಬಿ ಎಣ್ಣಿ ಹಾಕ್ತಿದ್ವಿ. ಹೊಲಿಗಿ ಮಷಿನ್ನಿಗೂ ಅದ ಎಣ್ಣಿ, ಇದಕ್ಕೂ ಅದ. ಮೂವತ್ತು ವರ್ಷದಾಗ ಒಂದು ವರ್ಷಾನೂ ತಪ್ಪಿಸಿಲ್ಲ," ಎಂದಳು.

ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಮೂವತ್ತು ವರ್ಷದ ಪೂಜೆ ಸೇರಿ ಥೇಟ್ ವಾರ್ನಿಷ್ ಆಗಿತ್ತು. ಗಡಿಯಾರ ನಿಲ್ಲಿಸಿದ್ದೂ ಅದೇ ಭಕ್ತಿ. ಪೊರೆಯಡಿಯ ಹಿತ್ತಾಳೆ ಪೆಟ್ಟಿಗೆಯಷ್ಟೇ ಹಳೆಯದು. ನಮ್ಮ ಮನೆಯಲ್ಲೂ ಬಾಗಿಲ ಕೀಲಿನಿಂದ ಸೈಕಲ್‌ವರೆಗೆ ಆ ದಿನ ಅದೇ ಎಣ್ಣೆ ಹಾಕುತ್ತೇವೆ. ಆದರೂ ಆ ತಗಡಿನ ಮನೆಯಲ್ಲಿ ನಿಂತಾಗ ನನಗೆ ಹೊಳೆದದ್ದು ಮೋಸ ಮಾತ್ರ.

ಗೌಡರಿಗೆ ಫೋನ್ ಮಾಡಿ ಗಡಿಯಾರ ಅಸಲಿ ಎಂದೆ.

"ಮಾಸ್ತರ, ನಿನ್ನಿ ಖೋಟಾ ಅಂದ್ರಿ, ಇವತ್ತು ಅಸಲಿ ಅಂತೀರಿ. ನಡುವ ಆಕಿ ನಿಮಗೇನರ ಮುಟ್ಟಿಸಿದಳೇನು?"

ನಲವತ್ತು ವರ್ಷದಲ್ಲಿ ನನಗೆ ಯಾರೂ ಹಾಗೆ ಕೇಳಿರಲಿಲ್ಲ. ಆ ಹೆಂಗಸಿಗೆ ನಿನ್ನೆ ಹೇಗಾಗಿರಬೇಕು ಎಂಬುದು ಆಗಲೇ ನನಗೆ ಸರಿಯಾಗಿ ತಿಳಿದದ್ದು. "ಬಂದು ಕಣ್ಣಿಲೆ ನೋಡ್ರಿ ಗೌಡ್ರ," ಎಂದಷ್ಟೇ ಹೇಳಿದೆ. ಅವರು ಬಂದರು, ನಾಲ್ಕು ತೂತು ಎಣಿಸಿದರು, ಎಣ್ಣೆಯ ಪೊರೆಯನ್ನು ಮೂಸಿದರು. ಮಾರನೆಯ ದಿನ ನನ್ನೊಂದಿಗೆ ದೇವದುರ್ಗಕ್ಕೆ ಹೊರಟರು.

ಮನೆಮನೆಗೆ ಹೋಗಿ ಮೂವರು ಹೆಂಗಸರ ಮುಂದೆ ಹೇಳಿದೆ: ಗಡಿಯಾರ ಅಸಲಿ, ತಪ್ಪು ನನ್ನದು. ನಾಲ್ಕನೆಯವಳ ಬಾಗಿಲಿಗೆ ಬೀಗ.

"ಈರಮ್ಮ ಕುರ್ಡಿಗೆ ಮಗಳ ಮನಿಗೆ ಹೋಗ್ಯಾಳ್ರಿ. ನಿಮ್ಮ ಮಾತೂ ಆಕಿ ಕೂಡ ಹೋಗ್ಯದ," ಎಂದಳು ಹುಸೇನಮ್ಮ. ಕೀಲಿ ಇನ್ನೂ ಅವಳ ಸೊಂಟದಲ್ಲೇ ಇತ್ತು. ಖೋಟಾ ಎಂಬ ಮಾತು ಶಾಲೆಯ ಹೆಡ್‌ಮಾಸ್ತರರ ಕಿವಿಗೆ ಬಿದ್ದಿರಲಿಲ್ಲವಂತೆ.

"ಕುರ್ಡಿಗೂ ಹೋಗ್ತೀನವ್ವಾ," ಎಂದೆ.

"ಹಂಗಾದ್ರ ರೊಕ್ಕ ಕೊಟ್ಟು ಗಡಿಯಾರ ಒಯ್ಯಿರಿ ಗೌಡ್ರ," ಎಂದಳು.

ಕುರ್ಡಿ ಮಾನ್ವಿ ತಾಲೂಕಿನ ಹಳ್ಳಿ. ಮರುದಿನ ಬಸ್ಸಿನಲ್ಲಿ ನಾನೊಬ್ಬನೇ ಹೋದೆ. ಈರಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಯ್ಯ, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ ಬಿಡ್ರಿ," ಎಂದಳು.

ಅಷ್ಟರಲ್ಲಿ ಒಳಗಿನಿಂದ ಅವಳ ಬೀಗತಿಯ ದನಿ ಕೇಳಿತು: "ಯಾರ ಬಂದಾರ ಈರಮ್ಮ? ಆ ಅಡಿಗಿಯಾಕಿ ಖೋಟಾ ಗಡಿಯಾರದ ಸುದ್ದಿ ಏನು?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಚಾಪೆಯ ಮೇಲೆ ಕೂತು ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದೆ. ಇದನ್ನು ನೀವು ಯಾರ್ಯಾರಿಗೆ ಹೇಳಿದ್ದೀರಿ ತಾಯಿ ಎಂದು ಕೇಳಿ, ಅವರ ಮನೆಗಳಿಗೂ ದಾರಿ ಕೇಳಿಕೊಂಡು ಹೋದೆ.

ಅನುಮಾನ ಪಡುವುದನ್ನು ನಾನು ಬಿಟ್ಟಿಲ್ಲ, ಬಿಟ್ಟರೆ ಈ ಕೆಲಸ ನಡೆಯುವುದಿಲ್ಲ. ಈಗಲೂ ಕರೆದವರ ಜೊತೆ ಹೋಗಿ ಟಾರ್ಚ್ ಬಿಟ್ಟು ನೋಡುತ್ತೇನೆ. ಆದರೆ ಡಯಲ್ ಬಿಚ್ಚುವ ತನಕ ಅನುಮಾನವನ್ನು ಬಾಯೊಳಗೇ ಇಟ್ಟುಕೊಳ್ಳುತ್ತೇನೆ. ಖೋಟಾ ಎಂದು ನಾನಂದದ್ದು ಒಂದೇ ಸಲ. ಅಸಲಿ ಎಂದು ಕುರ್ಡಿಯೊಂದರಲ್ಲೇ ಏಳು ಮನೆಗಳಲ್ಲಿ ಹೇಳಬೇಕಾಯಿತು. ಎಂಟನೆಯ ಮನೆ ಇರಲಿಲ್ಲವೆಂದು ನನಗೆ ಇವತ್ತಿಗೂ ಖಾತ್ರಿಯಿಲ್ಲ.