ಹಿಮ್ಮಡಿಯ ಅಡಿಯ ಮರಳು

ಅವರ ಹಿಮ್ಮಡಿಗಳು ಬೇಸಿಗೆಯ ಗದ್ದೆಯಂತೆ ಬಿರಿದಿದ್ದವು. ಬಿರುಕುಗಳಲ್ಲಿ ಉಪ್ಪು ಬೆಳ್ಳಗೆ ಕೂತಿರುತ್ತಿತ್ತು. ದಿನಾ ಬೆಳಿಗ್ಗೆ ಕಾಪುವಿನ ಕಡಲಿಗೆ ಮೊಣಕಾಲವರೆಗೆ ಇಳಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತೆರೆ ಹಿಂದೆ ಸರಿಯುವಾಗ ಹಿಮ್ಮಡಿಯ ಅಡಿಯ ಮರಳು ಎಷ್ಟು ಬೇಗ ಜಾರುತ್ತದೆ, ಮುಂದಿನ ತೆರೆಗೆ ಎಷ್ಟು ಹೊತ್ತು ಎಂದು ಬಾಯಲ್ಲೇ ಎಣಿಸುತ್ತಿದ್ದರು. ಆಮೇಲೆ ಹೆಗಲ ಮೇಲಿನ ಕೆಂಪು ಬೈರಾಸಿನಿಂದ ಮುಖ ಒರೆಸಿಕೊಂಡು, ಇವತ್ತು ಕಡಲಿಗೆ ಇಳಿಯಬಹುದೋ ಬೇಡವೋ ಎಂದು ತೀರ್ಪು ಹೇಳುತ್ತಿದ್ದರು.

ಅವರು ಬಹಳ ಕಾಲ ದೋಣಿ ನಡೆಸಿದ ತಾಂಡೇಲರು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಬಲೆ ಎಳೆದು, ಮೀನು ಹೊತ್ತು, ಕೊನೆಗೆ ಅದೇ ದಡದಲ್ಲಿ ಸರ್ಫಿಂಗ್ ಕಲಿಸಲು ನಿಂತವನು. ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎಂಬ ಹೆಮ್ಮೆ ಆಗಲೂ ಇತ್ತು, ಈಗಲೂ ಉಂಟು. ನನಗೆ ಕಡಲಿನ ಹೆದರಿಕೆಯೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ತೆರೆಯ ಎತ್ತರ, ಗಾಳಿಯ ವೇಗ ಎಲ್ಲ ಮೊಬೈಲಿನಲ್ಲಿ ನೋಡುತ್ತಿದ್ದೆ.

"ಎಂತ ಮಾರಾಯ, ಕಡಲಿನ ಜಾತಕವೂ ಅದರಲ್ಲಿ ಬರ್ತದಾ?" ಎಂದು ಅವರು ಕೆಣಕುತ್ತಿದ್ದರು.

ಮಳೆಗಾಲಕ್ಕೆ ಕೆಲವೇ ದಿನ ಉಳಿದಿದ್ದ ಒಂದು ಬೆಳಿಗ್ಗೆ. ಗಾಳಿಯೇ ಇಲ್ಲ, ನೀರು ಎಣ್ಣೆ ಹೊಯ್ದಂತೆ ನುಣುಪು. ಮೊಬೈಲಿನಲ್ಲಿ ತೆರೆಯ ಎತ್ತರವೂ ಕಡಿಮೆ. ಮಣಿಪಾಲದಲ್ಲಿ ಓದುವ ಹಿರಿಯಡ್ಕದ ಹುಡುಗಿಯೊಬ್ಬಳು ಕಲಿಯಲು ಬಂದಿದ್ದಳು.

"ಇವತ್ತು ಬೇಡ," ಎಂದರು ತಾಂಡೇಲರು. "ಹದಿನೆಂಟು ಎಣಿಸಿದರೂ ಮುಂದಿನ ತೆರೆ ಇಲ್ಲ. ಇಷ್ಟು ಬಿಟ್ಟು ಬಿಟ್ಟು ಬರುವುದು ಇಲ್ಲಿನ ಗಾಳಿಯ ತೆರೆ ಅಲ್ಲ, ಎಲ್ಲಿಂದಲೋ ದೂರದಿಂದ ಬಂದದ್ದು. ಅದಕ್ಕೆ ಬಲ ಜಾಸ್ತಿ. ಮರಳು ಓಡ್ತಾ ಉಂಟು, ನಿಂತು ನೋಡು."

"ಹುಡುಗಿಯನ್ನು ಹೆದರಿಸ್ಬೇಡಿ ತಾಂಡೇಲರೇ," ಎಂದು ನಕ್ಕು ನೀರಿಗಿಳಿದೆ. ಹುಡುಗಿ ನನ್ನನ್ನು ನಂಬಿ ಹಿಂದೆಯೇ ಬಂದಳು.

ಹೋಗುವಾಗ ಏನೂ ಆಗಲಿಲ್ಲ. ತೆರೆ ಒಡೆಯುವ ಜಾಗ ದಾಟಿ ಬೋರ್ಡುಗಳ ಮೇಲೆ ಕೂತೆವು. ಆಗ ನಮ್ಮ ಕೆಳಗೆ ಕಡಲು ಸದ್ದಿಲ್ಲದೆ ಉಬ್ಬಿತು. ನಮ್ಮನ್ನು ಎತ್ತಿ ಇಳಿಸಿ ಮುಂದೆ ಹೋದ ನೀರು ದಡದ ಹತ್ತಿರ ಗೋಡೆಯಾಗಿ ಎದ್ದು ಕುಸಿಯಿತು. ಅದರ ಹಿಂದೆ ಇನ್ನೊಂದು. ಸೆಳೆತ ನಮ್ಮನ್ನು ದೀಪಸ್ತಂಭದ ಬಂಡೆಗಳ ಕಡೆಗೆ ಒಯ್ಯುತ್ತಿತ್ತು.

"ಅಣ್ಣ, ವಾಪಸ್ ಹೋಗುವ," ಎಂದಳು ಹುಡುಗಿ. ನಾನು ದಡದ ಕಡೆ ತಿರುಗಿ ನೋಡಿದೆ.

ದೋಣಿ ದಡ ಹಿಡಿಯುವಾಗ ನಮ್ಮಲ್ಲೊಂದು ಕ್ರಮ ಉಂಟು. ದಡದಲ್ಲಿ ನಿಂತವರು ಬೈರಾಸು ಎತ್ತಿದರೆ ಬರಬೇಕು, ಎತ್ತದಿದ್ದರೆ ಅಲ್ಲಿಯೇ ನಿಲ್ಲಬೇಕು. ತಾಂಡೇಲರು ಸೊಂಟದವರೆಗೆ ನೀರಿಗಿಳಿದು ನಿಂತಿದ್ದರು. ಬೈರಾಸು ಹೆಗಲ ಮೇಲೆಯೇ ಇತ್ತು.

ಸ್ವಲ್ಪ ಹೊತ್ತಿಗೆ ನೀರು ಪೂರಾ ಶಾಂತವಾಯಿತು. ಹೋಗಲು ಇದೇ ಸಮಯ ಎಂದು ನನ್ನ ಕಣ್ಣು ಹೇಳಿತು. ಬೈರಾಸು ಏಳಲಿಲ್ಲ. ಬಂಡೆಯ ಮೇಲಿನ ಪಾಚಿ ಕಾಣುವಷ್ಟು ಹತ್ತಿರ ಬಂದಿದ್ದೆವು. ಹುಡುಗಿ ಅಳುತ್ತಿದ್ದಳು. ಒಂದು ಕೈಯಲ್ಲಿ ಅವಳ ಬೋರ್ಡು ಹಿಡಿದು ಇನ್ನೊಂದು ಕೈಯಲ್ಲಿ ನೀರು ಹಿಂದೆ ತಳ್ಳುತ್ತಿದ್ದೆ. ಅಷ್ಟರಲ್ಲಿ ಮೂರು ಗೋಡೆಗಳು ಬಂದವು. ನಾವು ಹೊರಟಿದ್ದರೆ ಸರಿಯಾಗಿ ಅವುಗಳ ಬಾಯಿಗೆ ಬೀಳುತ್ತಿದ್ದೆವು.

ಮೂರನೆಯದು ಇನ್ನೂ ಗುಡುಗುತ್ತಿದ್ದಾಗಲೇ ಕೆಂಪು ಬೈರಾಸು ಮೇಲೆದ್ದಿತು. ಆ ನೊರೆಯೊಳಗೆ ನುಗ್ಗುವುದು ಸಾಯಲು ಹೊರಟಂತೆ ಕಂಡಿತು. ಆದರೂ ನುಗ್ಗಿದೆವು. ದಡ ಮುಟ್ಟುವವರೆಗೆ ಹಿಂದಿನಿಂದ ಒಂದೇ ಒಂದು ತೆರೆ ಬರಲಿಲ್ಲ.

ನಾನು ಮರಳಿನ ಮೇಲೆ ಕೂತಿದ್ದೆ. ಅವರು ಬೈರಾಸನ್ನು ಹುಡುಗಿಗೆ ಹೊದಿಸಿ ನನ್ನ ಹತ್ತಿರ ಬಂದರು.

"ಹೆದರಿದಿಯಾ?"

"ಹೌದು."

"ಒಳ್ಳೆದಾಯ್ತು. ಇನ್ನು ನೀನು ಕಲಿಸಬಹುದು."

ಹೋದ ವರ್ಷ ಅವರು ಮನೆಯಲ್ಲೇ, ನಿದ್ದೆಯಲ್ಲಿ ತೀರಿಕೊಂಡರು. ಈಗ ಬೆಳಿಗ್ಗೆ ಅವರ ಜಾಗದಲ್ಲಿ ನಾನು ಕಣ್ಣು ಮುಚ್ಚಿ ನಿಂತು ಎಣಿಸುತ್ತೇನೆ. ನಾನು ತಪ್ಪಿದರೆ ದಡದಲ್ಲಿ ಬೈರಾಸು ಎತ್ತುವವರಿಲ್ಲ. ಹಿಮ್ಮಡಿಯ ಅಡಿಯಲ್ಲಿ ಮರಳು ಓಡಿದ ದಿನ, ಬೋರ್ಡು ಹಿಡಿದು ಕಾಯುವವರನ್ನು ವಾಪಸ್ ಕಳುಹಿಸುತ್ತೇನೆ. ಗಾಳಿಯೇ ಇಲ್ಲವಲ್ಲ, ಯಾಕೆ ಎಂದು ಅವರು ಕೇಳುತ್ತಾರೆ.

"ನನಗೆ ಹೆದರಿಕೆ ಆಗ್ತಾ ಉಂಟು," ಎನ್ನುತ್ತೇನೆ. ಹೇಳಲು ನಾಚಿಕೆಯಾಗುವುದಿಲ್ಲ.