ತಲೆದಿಂಬಿನ ಕೆಳಗಿನ ಪುಸ್ತಕ

ನಾಸಿಕ್ ರೋಡಿನಲ್ಲಿ ನಾವಿದ್ದ ಆ ದಿನಗಳಲ್ಲಿ ಫೆಬ್ರವರಿ ಬಂತೆಂದರೆ ಸಾಲುಮನೆಗಳ ಇಡೀ ಚಾಳಿಗೇ ದ್ರಾಕ್ಷಿಯ ವಾಸನೆ. ಹತ್ತಿರದ ನಿಫಾಡಿನ ತೋಟಗಳಿಂದ ಬುಟ್ಟಿಗಟ್ಟಲೆ ಬರುತ್ತಿತ್ತು. ಉದುರಿದ ಹಣ್ಣುಗಳನ್ನು ಗೋಲಿಯಂತೆ ಉರುಳಿಸಿ ಆಡಿ, ಆಮೇಲೆ ತಿನ್ನುತ್ತಿದ್ದೆವು. ಆಗ ನನಗೆ ಎಂಟು ವರ್ಷ. ಅವ್ವ ತುಂಬು ಬಸುರಿ. ಹಿಂದಿನ ಸಲದ ಕೂಸು ಅಳದೇ ಹುಟ್ಟಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಈ ಸಲ ಅವ್ವ ಕೂಸಿನ ತಲೆಗೆ ಕುಂಚಿಗೆ ಹೊಲಿದಿರಲಿಲ್ಲ.

ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಸಾರಾ ಆಜಿ ಒಬ್ಬರೇ ಇದ್ದರು. ಕೊಂಕಣದ ಯೆಹೂದಿಗಳು. ಅವರ ಮರಾಠಿ ನನ್ನ ನೆನಪಿನಲ್ಲಿ ಈಗ ನಮ್ಮ ಬೀದರಿನ ಕನ್ನಡವಾಗಿಬಿಟ್ಟಿದೆ. ಅವರ ಕಪಾಟಿನಲ್ಲಿ, ಒಣಗಿದ ಬೇವಿನ ಎಲೆಗಳ ನಡುವೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಹೀಬ್ರೂ ಪುಸ್ತಕವಿತ್ತು. ಆಜಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅದರಲ್ಲಿ ದೇವದೂತರ ಹೆಸರುಗಳಿವೆ, ಅದಿದ್ದ ಮನೆಗೆ ಬೆಂಕಿ ಬೀಳುವುದಿಲ್ಲ, ಹೆರುವವಳಿಗೆ ಕೇಡು ತಟ್ಟುವುದಿಲ್ಲ ಎಂದಷ್ಟೇ ಗೊತ್ತು. ಹೊಸ್ತಿಲು ದಾಟಿಸಬಾರದೆಂದು ಹೇಳಿ ಅವರ ಅತ್ತೆ ಕೊಟ್ಟಿದ್ದಂತೆ.

ಒಂದು ಮಧ್ಯಾಹ್ನ ಆಜಿ ಅದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು.

“ಹೆರಿಗಿ ಆಗೋತನಕ ದಿಂಬಿನ ಬುಡಕ ಇಟ್ಕೊ, ಬೇಟಾ.”

“ಮತ್ತ ನಿಮ್ಮ ಮನಿಗೆ, ಆಜಿ?” ಎಂದಳು ಅವ್ವ.

“ನಡುವ ಒಂದೇ ಗೋಡಿ ಅದ. ಇಲ್ಲಿಂದ್ಲೇ ನೋಡ್ಕೋತದ.”

ಸಂಜೆ ಬ್ಯಾಂಕಿನಿಂದ ಬಂದ ಅಪ್ಪ ನಕ್ಕರು. “ಕೊರಳಾಗ ಲಿಂಗ, ದಿಂಬಿನ ಬುಡಕ ಇದು. ಬಾಗಲ್ದಾಗ ಒಂದು ಮಾರುತೀನೂ ಕೂಡ್ಸಿಬಿಡು.”

“ಕೂಡಸ್ತೀನಿ. ಈ ಹೊಟ್ಟಿ ನೀವು ಹೊತ್ತೀರೇನ್ರಿ?”

ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು.

ದಿನಾ ಹಾಸಿಗೆ ಹಾಸುವುದು ನನ್ನ ಕೆಲಸ. ಒಮ್ಮೆ ಆಜಿ ದಿಂಬು ಎತ್ತಿ, ಬಟ್ಟೆ ಸರಿಸಿ ನೋಡಿ ಹೌಹಾರಿದರು. “ಬೋರಲ ಮಲಗ್ಸೀದಿ ಅಲ್ಲೇ, ಹುಚ್ಚೀ!” ಆ ಪುಸ್ತಕ ನಮ್ಮ ಪುಸ್ತಕಗಳಂತಲ್ಲ, ಬಲಗಡೆಯಿಂದ ತೆರೆಯುವಂಥದ್ದು. ನಾನು ಬಟ್ಟೆ ಬಿಡಿಸಿ ನೋಡಿ ಮುಖವೆಂದು ಮೇಲೆ ಮಾಡಿದ್ದು ಅದರ ಬೆನ್ನು. ಆಜಿ ಅದನ್ನು ಮಗುಚಿ ತುಟಿಗೆ ಒತ್ತಿಕೊಂಡರು.

“ಎಷ್ಟ್ ದಿನ ಆಯ್ತು?”

“ಎರಡು,” ಎಂದೆ. ಒಂಬತ್ತು ದಿನವಾಗಿತ್ತು.

“ಅವ್ವಗ ಹೇಳಬ್ಯಾಡ. ಅಂಜ್ತಾಳ.”

ಅಂಜಿದವಳು ನಾನು. ಮಧ್ಯಾಹ್ನ ಅವ್ವನ ಪಕ್ಕ ಮಲಗಿದರೆ ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿತ್ತು. ದೂರದಲ್ಲಿ ರೈಲು. ಅರೆನಿದ್ದೆಯಲ್ಲಿ ದೇವದೂತರೆಲ್ಲ ಮುಖ ಕೆಳಗಾಗಿ, ಹಾಸಿಗೆಗೆ ಮೂಗು ಒತ್ತಿಕೊಂಡು, ಏನೂ ಕಾಣದೆ ಮಲಗಿರುತ್ತಿದ್ದರು. ಬೆಚ್ಚಿ ಎದ್ದು ಅವ್ವನ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದೆ. ಒಳಗೆ ಮಿಸುಕಾಡುವವರೆಗೂ ತೆಗೆಯುತ್ತಿರಲಿಲ್ಲ.

ಬೆಳಗಿನ ಹೊತ್ತು ನೋವು ಶುರುವಾಯಿತು. ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪನ ತೊಡೆಯ ಮೇಲೆ ಆ ಬಿಳಿ ಗಂಟು ಇತ್ತು.

“ಅಪ್ಪಾ, ಯಾವ ಬಾಜು ಮ್ಯಾಲದ?”

“ಆಜಿಗಿ ಕೇಳ್ಕೊಂಡೇ ಬಂದೀನಿ. ಸುಮ್ ಕೂಡು.”

ಒಳಗಿನಿಂದ ಅಳು ಕೇಳಿಸಿತು. ಅಪ್ಪ ಪುಸ್ತಕವನ್ನು ಕೆಳಗಿಡದೆ ಎದ್ದು ನಿಂತರು. ಬಹಳ ಹೊತ್ತು ನಿಂತೇ ಇದ್ದರು.

ತಮ್ಮನನ್ನು ಮನೆಗೆ ತಂದ ದಿನ ಆಜಿ ಮಲೀದಾ ಮಾಡಿದರು. ನೆನೆಸಿದ ಅವಲಕ್ಕಿ, ಸಕ್ಕರೆ, ಹಸಿ ಕೊಬ್ಬರಿ, ಏಲಕ್ಕಿ. ಸುತ್ತ ಹಣ್ಣು, ನಡುವೆ ಗುಲಾಬಿ. ಅವರ ಪ್ರವಾದಿಯ ಹೆಸರು ಹೇಳಿ ನಮ್ಮ ಅಂಗೈಗೆ ಹಾಕಿದರು. ಪುಸ್ತಕ ಕಪಾಟಿಗೆ ಮರಳಿತು. ಕೆಲವು ವರ್ಷಗಳ ನಂತರ ಆಜಿಯೂ ದೂರದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಆ ಪುಸ್ತಕದ ಹೆಸರನ್ನು ನಾವು ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ತಮ್ಮ ಈಗ ಸಂಭಾಜಿನಗರದ ಒಂದು ಫ್ಲ್ಯಾಟಿನಲ್ಲಿದ್ದಾನೆ. ಅವನ ಹೆಂಡತಿಗೆ ಒಂಬತ್ತು ತುಂಬುತ್ತಿದೆ. ಆರೈಕೆಗೆಂದು ಹೋಗಿರುವ ಅವ್ವ ನಿನ್ನೆ ಫೋನ್ ಮಾಡಿದ್ದಳು.

“ಡಾಕ್ಟರ್ ಎಲ್ಲ ಛಲೋ ಅದ ಅಂದಾರ. ಇಲ್ಲಿ ಬಾಜೂ ಮನಿಯವ್ರ ಹೆಸರೇನೋ ಅಂತ ನಿನ್ನ ತಮ್ಮಗ ಕೇಳ್ದೆ. ‘ನಾಕ್ನೂರಾ ಮೂರು’ ಅಂದ.”